ಕೋಣೆ ಕಾಯ್ದಿರಿಸುವ ಮುನ್ನ ಗೇಟಿನ ದೂರ ವಿಚಾರಿಸಿ

ಮಾನ್ಯ ಸಂಪಾದಕರೇ,

ರಜೆ ಬಂತೆಂದರೆ ಬೆಳಗಾವಿಯಿಂದ ದಾಂಡೇಲಿಯತ್ತ ಹೊರಡುವ ಕುಟುಂಬಗಳು ಬಹಳ. ಈಚೆಗೆ ನಾವೂ ಹೋಗಿದ್ದೆವು. ಮೊಬೈಲಿನಲ್ಲಿ ಚಿತ್ರ ನೋಡಿ, ಕಾಡಿನ ನಡುವಿನ ಕಾಟೇಜ್ ಎಂದು ನಂಬಿ ಮುಂಗಡ ಕಟ್ಟಿದ್ದ ಜಾಗ ಡಾಂಬರು ರಸ್ತೆಯ ಪಕ್ಕದ ಹೊಲದಲ್ಲಿತ್ತು. ರಾತ್ರಿ ಹನ್ನೊಂದರವರೆಗೆ ಧ್ವನಿವರ್ಧಕದ ಅಬ್ಬರ. ನಸುಕಿನಲ್ಲಿ ಮಕ್ಕಳನ್ನು ಎಬ್ಬಿಸಿ, ಸ್ವೆಟರ್ ಹಾಕಿಸಿಕೊಂಡು ಸಫಾರಿ ಗೇಟು ಮುಟ್ಟುವಷ್ಟರಲ್ಲಿ ಜೀಪು ಹೊರಟುಹೋಗಿತ್ತು. ಮಗಳು ಕೊರಳಿಗೆ ದುರ್ಬೀನು ಹಾಕಿಕೊಂಡೇ ಅತ್ತದ್ದು ಇನ್ನೂ ಕಣ್ಣಿಗೆ ಕಟ್ಟಿದಂತಿದೆ.

ಅಣಶಿ ರಾಷ್ಟ್ರೀಯ ಉದ್ಯಾನ ಮತ್ತು ದಾಂಡೇಲಿ ಅಭಯಾರಣ್ಯ ಸೇರಿದ ಕಾಳಿ ಹುಲಿ ಸಂರಕ್ಷಿತ ಪ್ರದೇಶ ಬಲು ವಿಸ್ತಾರವಾದದ್ದು. ದಾಂಡೇಲಿ ಎಂಬ ಹೆಸರಿದ್ದ ಮಾತ್ರಕ್ಕೆ ವಸತಿಯು ಕಾಡಿಗೆ ಹತ್ತಿರವೆಂದು ತಿಳಿಯಬಾರದು. ಪೇಟೆಯ ಲಾಡ್ಜಿನಲ್ಲಿ ಊಟ, ಔಷಧಿಗೆ ಅನುಕೂಲವಿರುವುದರಿಂದ ವಯಸ್ಸಾದವರಿಗೆ ಅದೇ ಒಳ್ಳೆಯದು. ಹಕ್ಕಿಗಳ ದನಿಗೆ ಎಚ್ಚರಾಗಬೇಕೆನ್ನುವವರಿಗೆ ಕುಳಗಿಯಲ್ಲಿರುವ ಅರಣ್ಯ ಇಲಾಖೆಯ ಪ್ರಕೃತಿ ಶಿಬಿರ ತಕ್ಕದ್ದು. ನಾಗರಹೊಳೆಗೆ ಹೋಗುವವರು ಕಬಿನಿ ಕಡೆಯ ದಮ್ಮನಕಟ್ಟೆಯೋ ಕೊಡಗಿನ ಕಡೆಯ ನಾಣಚ್ಚಿಯೋ, ಯಾವ ಸಫಾರಿ ಗೇಟು ಎಂಬುದನ್ನು ನಿಶ್ಚಯಿಸಿಯೇ ಕೋಣೆ ಹಿಡಿಯಬೇಕು. ಬಂಡೀಪುರದ ಹೆದ್ದಾರಿಯಲ್ಲಿ ರಾತ್ರಿ 9ರಿಂದ ಬೆಳಿಗ್ಗೆ 6ರವರೆಗೆ ಸಂಚಾರ ನಿಷೇಧವಿರುವುದನ್ನೂ ಲೆಕ್ಕಕ್ಕೆ ತೆಗೆದುಕೊಳ್ಳಬೇಕು.

ಪರವಾನಗಿ ಪಡೆದ ವಸತಿಗಳ ಪಟ್ಟಿಯನ್ನು, ಪ್ರತಿ ಸಫಾರಿ ಗೇಟಿನಿಂದ ಅವುಗಳ ದೂರ ಹಾಗೂ ದರದಲ್ಲಿ ಊಟ, ಸಫಾರಿ ಸೇರಿವೆಯೇ ಎಂಬ ವಿವರಗಳೊಂದಿಗೆ, ಅರಣ್ಯ ಮತ್ತು ಪ್ರವಾಸೋದ್ಯಮ ಇಲಾಖೆಗಳು ಕನ್ನಡದಲ್ಲಿ ಪ್ರಕಟಿಸಬೇಕು. ಕಾಡಂಚಿನಲ್ಲಿ ರಾತ್ರಿ ಧ್ವನಿವರ್ಧಕ ಹಚ್ಚುವವರ ಪರವಾನಗಿಯನ್ನು ರದ್ದುಪಡಿಸಬೇಕೆಂದೂ ವಿನಂತಿಸುತ್ತೇನೆ.

ಒಬ್ಬ ಓದುಗ, ಟಿಳಕವಾಡಿ, ಬೆಳಗಾವಿ