ತೊಂಬತ್ತಕ್ಕೆ ಒಂದು ಕಡಿಮೆ

ಪ್ರೀತಿಯ ಗೆಳೆಯಾ,

ನಮ್ಮ ಎವರೆಸ್ಟ್ ಬೇಸ್ ಕ್ಯಾಂಪ್ ಚಾರಣಕ್ಕೆ ನೀನು ಬೆಂಗಳೂರಿನಿಂದ ಕಳಿಸಿದ ದಿನದ ಪಟ್ಟಿ ನೋಡಿದೆ. ಎರಡನೇ ದಿನ ನಾಮ್ಚೆ, ಮೂರನೇ ದಿನವೇ ತೆಂಗ್‌ಬೋಚೆ ಅಂತ ಹಾಕಿದ್ದೀಯಲ್ಲ, ಅದು ಆಗುವುದಿಲ್ಲ ಮಾರಾಯ. ಫಕ್ಡಿಂಗ್ 2,610 ಮೀಟರ್, ನಾಮ್ಚೆ 3,440. ಒಂದೇ ದಿನಕ್ಕೆ ಅಷ್ಟು ಏರಿದ ಮೇಲೆ ಅಲ್ಲಿ ಎರಡು ರಾತ್ರಿ ಮಲಗಲೇಬೇಕು. 3,000 ದಾಟಿದರೆ ಮಲಗುವ ಜಾಗದ ಎತ್ತರ ದಿನಕ್ಕೆ 500 ಮೀಟರಿಗಿಂತ ಹೆಚ್ಚು ಏರಬಾರದು. ಮೂರು ನಾಲ್ಕು ದಿನಕ್ಕೊಮ್ಮೆ ಒಂದು ದಿನ ಸುಮ್ಮನಿರಬೇಕು. ಡಿಂಗ್‌ಬೋಚೆಯಲ್ಲೂ ಎರಡು ರಾತ್ರಿ ಬರೆದುಕೋ, ಅದು 4,410. ತಲೆನೋವು ಬಂದರೆ ಮುಂದೆ ಹತ್ತುವುದಿಲ್ಲ, ಜೋರಾದರೆ ಇಳಿಯುವುದೇ. ಅಕ್ಟೋಬರದ ಗಲಾಟೆಯಲ್ಲಿ, ನಡಿಗೆ ಶುರುವಾಗುವ ಲುಕ್ಲಾಕ್ಕೆ ವಿಮಾನ ಹೆಚ್ಚಾಗಿ ರಾಮೇಛಾಪ್‌ನಿಂದ ಹೊರಡುತ್ತದೆ, ಕಾಠ್ಮಂಡುವಿನಿಂದಲ್ಲ, ನಡುರಾತ್ರಿ ಎದ್ದು ಜೀಪು ಹತ್ತಬೇಕು. ಮತ್ತೆ ನೀನು ಕೊಡೆ ತರುವ ವಿಚಾರ ತೆಗೆದರೆ ಚಾರ್ಮಾಡಿಯಲ್ಲಿ ಆದದ್ದೇ ಆಗುತ್ತದೆ, ಈಗಲೇ ಹೇಳಿದ್ದೇನೆ.

ಇಲ್ಲಿ ಕಾಸರಗೋಡಿನ ಬಾಯಾರಿನಲ್ಲಿ ನನ್ನ ತಯಾರಿ ಜೋರಾಗಿತ್ತು. ಬೆನ್ನಚೀಲದಲ್ಲಿ ಹತ್ತು ಕಿಲೋ ಕುಚ್ಚಲಕ್ಕಿ ತುಂಬಿಸಿ ದಿನಾ ಬೆಳಿಗ್ಗೆ ಮುರಕಲ್ಲಿನ ಗುಡ್ಡೆ ಹತ್ತಿ ಇಳಿಯುತ್ತಿದ್ದೆ. ರಾತ್ರಿಯೆಲ್ಲ ನಕ್ಷೆ. ಸಾಗರಮಾಥಾ ರಾಷ್ಟ್ರೀಯ ಉದ್ಯಾನದ ಒಂದೊಂದು ತಿರುವು ಬಾಯಿಪಾಠ. ಮೊಂಜೊದಲ್ಲಿ ಒಳಗೆ ಹೋಗುವ ಚೀಟಿ, ಆಮೇಲೆ ದೂಧ್‌ಕೋಶಿ ಹೊಳೆಯ ಮೇಲೆ ಎತ್ತರದಲ್ಲಿ ತೂಗುಸೇತುವೆ, ಅಲ್ಲಿಂದ ನಾಮ್ಚೆಯ ಏರು. ಗೋರಕ್‌ಶೆಪ್ 5,164, ಬೇಸ್ ಕ್ಯಾಂಪ್ 5,364. ಅಲ್ಲಿಯೂ ಗಾಳಿಯಲ್ಲಿ ಆಮ್ಲಜನಕ ನೂರಕ್ಕೆ 21 ಪಾಲೇ, ಆದರೆ ಗಾಳಿಯ ಒತ್ತಡ ನಮ್ಮ ಕಡಲಬದಿಯ ಅರ್ಧದಷ್ಟು ಮಾತ್ರ. ಒಂದು ಉಸಿರಿಗೆ ಸಿಗುವುದು ಅರ್ಧ.

ಅದಕ್ಕೇ ಹಳೆಯ ಆಕ್ಸಿಮೀಟರ್ ಹುಡುಕಿ ತೆಗೆದೆ, ಬೆರಳಿಗೆ ಸಿಕ್ಕಿಸಿದರೆ ರಕ್ತದ ಆಮ್ಲಜನಕ ನೂರಕ್ಕೆ ಎಷ್ಟೆಂದು ತೋರಿಸುವಂಥದ್ದು. ಕೊರೋನಾ ಕಾಲದಲ್ಲಿ ಕೊಂಡದ್ದು, ತಲಪಾಡಿ ಗಡಿಯಲ್ಲಿ ರಸ್ತೆ ಮುಚ್ಚಿ ಮಂಗಳೂರಿನ ಆಸ್ಪತ್ರೆಗೆ ಹೋಗುವ ದಾರಿಯೇ ಇಲ್ಲದಾಗಿನ ಹೆದರಿಕೆ ನಿನಗೆ ನೆನಪಿರಬಹುದು. ಹೊಸ ಬ್ಯಾಟರಿ ಹಾಕಿದೆ. ನನಗೆ 98. ಅಮ್ಮನಿಗೆ 97. ಜಗಲಿಯಲ್ಲಿ ಅಡಿಕೆ ಸುಲಿಯುತ್ತಿದ್ದ ಅಪ್ಪ ತಾವಾಗಿಯೇ ಕೈ ನೀಡಿ, "ನಂದೂ ನೋಡು" ಅಂದರು.

89.

ಬೆರಳು ಬದಲಿಸಿದೆ. ಸುಲಿದೂ ಸುಲಿದೂ ಕಪ್ಪಾದ ಬೆರಳು, ಚರ್ಮ ಹಲಗೆಯಂತೆ ದಪ್ಪ, ಬೆಳಕು ಒಳಗೆ ಹೋಗುತ್ತಿಲ್ಲವೋ ಏನೋ ಅಂದುಕೊಂಡೆ. ಬಿಸಿನೀರಿನಲ್ಲಿ ಕೈ ತೊಳೆಸಿ ಕಿರುಬೆರಳಿಗೆ ಸಿಕ್ಕಿಸಿದೆ. 88, 89, ಮತ್ತೆ 89. "ಎಷ್ಟುಂಟು?" ಅಂತ ಕೇಳಿದರು.

ಇನ್ನು ಬರೆಯುವುದನ್ನು ಯಾರಿಗೂ ಹೇಳಿಲ್ಲ. ಆ ಅಂಕಿ ನನಗೆ ಚೆನ್ನಾಗಿ ಪರಿಚಯದ್ದು. ನಾಮ್ಚೆ ತಲುಪಿದ ಆರೋಗ್ಯವಂತನ ಬೆರಳಿನಲ್ಲಿ ಹೆಚ್ಚುಕಡಿಮೆ ಅಷ್ಟೇ ಬರುತ್ತದೆ. ಅಪ್ಪ ನಮ್ಮ ಜಗಲಿಯಲ್ಲೇ ಕೂತು ಮೂರೂವರೆ ಸಾವಿರ ಮೀಟರ್ ಹತ್ತಿಬಿಟ್ಟಿದ್ದರು. ಅದೆಲ್ಲ ಗೊತ್ತಿದ್ದೂ ನನಗೆ ಮೊದಲು ನೆನಪಾದದ್ದು ಅಪ್ಪನ ಎದೆಯಲ್ಲ, ಅಕ್ಟೋಬರದ ಟಿಕೆಟ್. "ಇದು ಹಳೆಯದಾಯಿತು, ಸರಿ ತೋರಿಸುವುದಿಲ್ಲ" ಅಂತ ಹೇಳಿ ಕಿಸೆಗೆ ಹಾಕಿದೆ. ನಾಲ್ಕು ದಿನ ಹಾಗೆಯೇ ಇದ್ದೆ. ನಾಲ್ಕು ದಿನವೂ ಅಕ್ಕಿ ಹೊತ್ತು ಗುಡ್ಡೆ ಹತ್ತಿದೆ.

ಆ ನಾಲ್ಕು ದಿನದಲ್ಲಿ ಎಲ್ಲ ಕಣ್ಣಿಗೆ ಬೀಳತೊಡಗಿತು. ತೋಟದಿಂದ ಬರುವಾಗ ಅಪ್ಪ ಅರ್ಧ ದಾರಿಯಲ್ಲಿ, ನೀರಿಗಾಗಿ ಗುಡ್ಡೆಗೆ ಅಡ್ಡ ಕೊರೆದ ಸುರಂಗದ ಬಾಯಿಯ ಹತ್ತಿರ ಕೂತು ನೀರು ನೋಡುತ್ತಾರೆ. ನೀರು ನೋಡುವುದಲ್ಲ ಅದು, ಉಸಿರಿಗೆ ಕಾಯುವುದು. ಎಷ್ಟು ತಿಂಗಳಿನಿಂದಲೋ! ಆ ಸುರಂಗ ಅವರೇ ಪ್ರಾಯದಲ್ಲಿ ಕೊರೆದದ್ದು, ಬಗ್ಗಿಕೊಂಡು, ಮುರಕಲ್ಲಿನ ಪುಡಿಯಲ್ಲಿ ಕೆಂಪಾಗಿ. ಬಿಡದೆ ಸೇದುತ್ತಿದ್ದ ಬೀಡಿ ಬೇರೆ.

ಐದನೇ ದಿನ ಮಂಗಳೂರಿಗೆ ಕರಕೊಂಡು ಹೋದೆ. ಕೊಳವೆಗೆ ಊದಿಸಿ ನೋಡಿದರು. ಶ್ವಾಸಕೋಶದ್ದು, ಹಳೆಯದು, ವಾಸಿಯಾಗುವಂಥದ್ದಲ್ಲ, ಆದರೆ ಹತೋಟಿಯಲ್ಲಿಡಬಹುದು. ದಿನಕ್ಕೆ ಎರಡು ಸಲ ಇನ್‌ಹೇಲರ್. ಬಸ್ಸಿನಲ್ಲಿ ಹಿಂದೆ ಬರುವಾಗ ಅವರಿಗೆ ಆ ನಾಲ್ಕು ದಿನದ ವಿಷಯ ಹೇಳಬೇಕೆಂದು ಬಾಯಿವರೆಗೆ ಬಂತು. ಹೇಳಲಾಗಲಿಲ್ಲ. ನಿನಗೆ ಹೇಳುತ್ತಿದ್ದೇನೆ, ಇಷ್ಟು ಜನ ಓದುವಲ್ಲಿ. ಅವರೊಬ್ಬರು ಓದುವುದಿಲ್ಲ ಎಂಬ ಧೈರ್ಯದಿಂದ ಇರಬೇಕು.

ಸಾಕು, ಅದು ಬಿಡು. ಈಗ 92ರವರೆಗೆ ಬರುತ್ತದೆ. ಮುಂದಿನ ತಿಂಗಳು ಇನ್ನೊಮ್ಮೆ ಡಾಕ್ಟರಲ್ಲಿಗೆ ಹೋಗಲಿಕ್ಕುಂಟು, ಅಲ್ಲಿಯವರೆಗೆ ಟಿಕೆಟ್ ಮಾಡಬೇಡ. ಏಪ್ರಿಲಿನಲ್ಲಾದರೂ ಹೋಗಬಹುದು, ಲಾಲಿಗುರಾಸ್, ಅದೇ ಅಲ್ಲಿನ ಕೆಂಪು ರೋಡೊಡೆಂಡ್ರಾನ್ ಹೂವಾದರೂ ಸಿಗುತ್ತದೆ. ಹೊಸ ಪಟ್ಟಿಯಲ್ಲಿ ನಾಮ್ಚೆಗೆ ಎರಡು ರಾತ್ರಿ ಬರೆ.

ನಿನ್ನೆ ಅಪ್ಪನಿಗೆ ನಕ್ಷೆ ತೋರಿಸಿದೆ. ಬೇಸ್ ಕ್ಯಾಂಪಿನಲ್ಲಿ ಅರ್ಧವೇ ಗಾಳಿ ಅಂದದ್ದಕ್ಕೆ ಅವರು ಸ್ವಲ್ಪ ಹೊತ್ತು ಯೋಚಿಸಿ, "ಹಾಗಾದರೆ ಒಂದು ಮೇಣದಬತ್ತಿ ಇಟ್ಟುಕೊಳ್ಳಿ. ಸುರಂಗದಲ್ಲಿ ನಾವು ಅದನ್ನೇ ನೋಡುತ್ತಿದ್ದದ್ದು. ಉರಿ ಸಣ್ಣಗಾದರೆ ಕೆಲಸ ಬಿಟ್ಟು ಹೊರಗೆ" ಅಂದರು. ನಿನಗೂ ಒಂದು ತೆಗೆದಿಟ್ಟಿದ್ದಾರೆ. ಕೊಡೆಯ ಬದಲು ಅದಕ್ಕೆ ಜಾಗ ಮಾಡು.

ನಿನ್ನವನೇ