ಹಳೆ ರೈಫಲ್ ದರದ ಬಗ್ಗೆ

ಶಿರಸಿಯಲ್ಲಿ ಮಾರಾಟಕ್ಕಿರುವ ವಿಂಚೆಸ್ಟರ್ ಮಾಡೆಲ್ 70 ಎಂಬ ಅಮೆರಿಕದ ಬೇಟೆ ರೈಫಲ್‌ಗೆ ಹೇಳುತ್ತಿರುವ ದರ ಸರಿಯೇ ಎಂದು ಕೇಳಿದವರಿಗೆ: 1964ಕ್ಕಿಂತ ಮೊದಲಿನದಾದರೆ ಬೆಲೆಗೆ ಸ್ವಲ್ಪ ಅರ್ಥವಿದೆ. ಆ ವರ್ಷ ಕಂಪನಿ ಖರ್ಚು ಇಳಿಸಲು ವಿನ್ಯಾಸವನ್ನೇ ಬದಲಿಸಿತು. ಕಾಡತೂಸನ್ನು ಕಚ್ಚಿ ಹಿಡಿದೇ ಒಳಗೊಯ್ಯುವ ಉದ್ದನೆಯ ಎಕ್ಸ್‌ಟ್ರ್ಯಾಕ್ಟರ್ ಕೊಕ್ಕೆ ಹೋಯಿತು, ಮರದ ಹಿಡಿಯ ಕೆತ್ತನೆ ಹೋಗಿ ಅಚ್ಚೊತ್ತಿದ ಗೀರು ಬಂತು. ಆದರೆ ಅಮೆರಿಕದ ಸಂಗ್ರಾಹಕರು ದುಡ್ಡು ಸುರಿಯುವುದು ಮೂಲ ಬಣ್ಣ, ಮೂಲ ಮರಕ್ಕೆ. ನಮ್ಮ ಮಳೆಗಾಲಕ್ಕೆ ತುಕ್ಕು ಹಿಡಿದು ಮರುಪಾಲಿಶ್ ಆದದ್ದಕ್ಕೆ ಆ ದರ ಯಾಕೆ? ಇಲ್ಲಿ ಬೆಲೆ ಏರಿಸಿದ್ದು ಗುಣಕ್ಕಿಂತ ಹೆಚ್ಚಾಗಿ 1980ರ ದಶಕದಲ್ಲಿ ಬಿಗಿಯಾದ ಬಂದೂಕು ಆಮದಿನ ನಿರ್ಬಂಧ. ತೋಟದ ಹಂದಿ ಓಡಿಸಲಿಕ್ಕೆ ಒಂಟಿನಳಿಗೆ ಕೋವಿ ಸಾಕು ಮಾರಾಯ್ರೆ.

ಲೈಸೆನ್ಸ್ ಇದ್ದವರ ನಡುವೆಯೂ ಜಿಲ್ಲಾ ಮ್ಯಾಜಿಸ್ಟ್ರೇಟ್ ಅಥವಾ ಹತ್ತಿರದ ಪೊಲೀಸ್ ಠಾಣೆಗೆ ಲಿಖಿತವಾಗಿ ತಿಳಿಸಿ 45 ದಿನ ಕಾಯದೆ ಬಂದೂಕು ಕೈಬದಲು ಆಗುವಂತಿಲ್ಲ. ಮಾರಾಟದ ಫೋಟೊ ಈ ಗುಂಪಿನಲ್ಲಿ ಹಾಕಬೇಡಿ, ಅಳಿಸುತ್ತೇವೆ.