ಮೂರಕ್ಷರ ಕೊಟ್ಟ ಅಜ್ಜಿಗೆ, ಮತ್ತೆ ಉಳಿದೆಲ್ಲರಿಗೆ

ಶಿರಸಿಯಲ್ಲಿ, ವಿಧವೆಯರ ಆಶ್ರಮವೊಂದರ ಕಥೆ ಹೇಳುವ ಹಿಂದಿ ಚಿತ್ರ ‘ವಾಟರ್’ನ ಎರಡು ಪ್ರದರ್ಶನಗಳು ಕನ್ನಡ ಉಪಶೀರ್ಷಿಕೆಯೊಂದಿಗೆ ಸುಸೂತ್ರವಾಗಿ ಮುಗಿದವು. ಆ ಮಳೆಯಲ್ಲೂ ಕೊಡೆ ಮಡಚಿಟ್ಟು ಕೊನೆಯವರೆಗೆ ಕೂತವರಿಗೆ ದೊಡ್ಡ ನಮಸ್ಕಾರ.

ಹಿಂದಿ ಮಾತನ್ನು ಕಿವಿಯಿಂದಲೇ ಕೇಳಿ ಕನ್ನಡ ಮಾಡಿಕೊಟ್ಟ ಇಬ್ಬರು ಮೇಷ್ಟ್ರ ಋಣ ಸಣ್ಣದಲ್ಲ. ಚಿತ್ರದ ನಿರ್ದೇಶಕಿ ದೀಪಾ ಮೆಹ್ತಾ ಅಮೃತಸರದಲ್ಲಿ ಹುಟ್ಟಿ 1973ರಲ್ಲಿ ಕೆನಡಾಕ್ಕೆ ಹೋದವರು. ಈ ಚಿತ್ರಕಥೆ ಬರೆದದ್ದು ಇಂಗ್ಲಿಷಿನಲ್ಲಿ, ಹಿಂದಿ ಸಂಭಾಷಣೆ ಅನುರಾಗ್ ಕಶ್ಯಪ್ ಅವರದು. 2000ದಲ್ಲಿ ಪ್ರತಿಭಟನಕಾರರು ವಾರಾಣಸಿಯ ಸೆಟ್ಟನ್ನು ಒಡೆದು ಗಂಗೆಗೆ ಎಸೆದ ಮೇಲೆ ಚಿತ್ರೀಕರಣವಾದದ್ದು ಶ್ರೀಲಂಕಾದಲ್ಲಿ. ಬಾಲವಿಧವೆ ಚುಯಿಯಾಳ ಪಾತ್ರದ ಹುಡುಗಿ ಅಲ್ಲಿಯವಳೇ. ಹಿಂದಿ ಬಾರದೆ ಸದ್ದನ್ನಷ್ಟೇ ಬಾಯಿಪಾಠ ಮಾಡಿ ಆಡಿದವಳು. ಆಸ್ಕರಿನ ವಿದೇಶಿ ಭಾಷಾ ಚಿತ್ರ ವಿಭಾಗಕ್ಕೆ ಕಳಿಸುವ ದೇಶದ ಅಧಿಕೃತ ಭಾಷೆಯಲ್ಲೇ ಚಿತ್ರ ಇರಬೇಕೆಂಬ ನಿಯಮ 2006ರಲ್ಲಿ ಸಡಿಲವಾಯಿತು, ಹಾಗಾಗಿ ಹಿಂದಿ ಚಿತ್ರವೊಂದು ಕೆನಡಾದ ಹೆಸರಲ್ಲಿ ಅಂತಿಮ ಐದರೊಳಗೆ ಬಂತು. ‘ಹಾಗಾದರೆ ಇದು ಯಾರ ಸಿನಿಮಾ?’ ಎಂದು ವಿರಾಮದಲ್ಲಿ ಚಹಾ ಆರುವವರೆಗೂ ವಾದ ಮಾಡಿದವರಿಗೂ ಥ್ಯಾಂಕ್ಸ್.

ಇಷ್ಟು ಕೈ ದಾಟಿ ಬಂದ ಮಾತನ್ನು ಮತ್ತೆ ಇಂಗ್ಲಿಷ್ ಉಪಶೀರ್ಷಿಕೆಯಿಂದ ಇಳಿಸಿದರೆ ಏನಾಗುತ್ತದೆ? ‘ಪೊಲ್ಯೂಟೆಡ್’ ಎಂಬುದು ‘ಕಲುಷಿತ’ವಾಗಿ, ಕಾರ್ಖಾನೆ ನೀರಿನ ಸುದ್ದಿಯಂತೆ ಓದಿಸಿಕೊಳ್ಳುತ್ತದೆ. ನಮಗೆ ಬೇಕಿದ್ದದ್ದು ‘ಮೈಲಿಗೆ’.

ಉಪಶೀರ್ಷಿಕೆಯ ಸಾಲುಗಳನ್ನು ಮಾತಿನ ಹೊತ್ತಿಗೆ ಜೋಡಿಸಿದ ಹುಡುಗರ ಕೆಲಸ ಯಾರಿಗೂ ಕಾಣುವುದಿಲ್ಲ, ಕಂಡರೆ ಕೆಟ್ಟಿದೆ ಎಂದೇ ಅರ್ಥ. ಮೊದಲ ಪರೀಕ್ಷೆಯಲ್ಲಿ ಕಂಡಿತ್ತು. ಸೆಕೆಂಡಿಗೆ 24 ಫ್ರೇಮಿನ ಪ್ರತಿಗೆ ಹೊಂದಿಸಿದ ಸಾಲುಗಳನ್ನು 23.976ರ ಪ್ರತಿಯ ಮೇಲೆ ಓಡಿಸಿದ್ದರಿಂದ ಗಂಟೆಗೆ 3.6 ಸೆಕೆಂಡು ಜಾರಿ, ಕೊನೆಯ ಹೊತ್ತಿಗೆ ಪಾತ್ರ ಬಾಯಿ ತೆರೆಯುವ ಮೊದಲೇ ಉತ್ತರ ಕೆಳಗೆ ಬಂದು ಕೂತಿರುತ್ತಿತ್ತು. ಇಡೀ ಕಡತದ ಸಮಯವನ್ನು 1.001ರಿಂದ ಗುಣಿಸಿದ ಮೇಲೆ ಸರಿಹೋಯಿತು. ಇನ್ನೊಂದು ಕಾಟ ನಮ್ಮ ಲಿಪಿಯದೇ: ಮೇಲಿನ ಸಾಲಿನ ಒತ್ತಕ್ಷರ ಕೆಳಗಿನ ಸಾಲಿನ ತಲೆಕಟ್ಟಿಗೆ ಬಡಿಯುತ್ತದೆ. ಸಾಲಿನ ನಡುವಿನ ಜಾಗ ಹೆಚ್ಚಿಸಿ, ಅಕ್ಷರಗಳನ್ನು ಚಿತ್ರದೊಳಗೇ ಅಚ್ಚಾಗಿಸಿದರು. ಇಲ್ಲದಿದ್ದರೆ ಕೆಲವು ಪ್ಲೇಯರುಗಳಲ್ಲಿ ಒತ್ತು ಕಳಚಿ ಪಕ್ಕಕ್ಕೆ ನಿಲ್ಲುತ್ತದೆ.

ಜನರೇಟರಿನವರು, ಯುಪಿಎಸ್ ಕೊಟ್ಟ ಅಂಗಡಿಯವರು, ನಿಮ್ಮನ್ನು ಮರೆತಿಲ್ಲ. ಕರೆಂಟು ಹಠಾತ್ತನೆ ಹೋದರೆ ಪ್ರೊಜೆಕ್ಟರಿನ ಫ್ಯಾನ್ ನಿಂತು ದೀಪ ತನ್ನ ಕಾವಿನಲ್ಲೇ ಕೆಡುತ್ತದೆ. ಮೂರು ಸಲ ಹೋಯಿತು. ಪರದೆ ಮುಂದೆ ಕೂತವರಿಗೆ ಗೊತ್ತೇ ಆಗಲಿಲ್ಲ. ಏಸಿ ಕಾರಿನಿಂದ ಇಳಿಸಿದ ಪ್ರೊಜೆಕ್ಟರಿನ ಬ್ಯಾಗನ್ನು ಅರ್ಧ ಗಂಟೆ ಜಿಪ್ ತೆಗೆಯದೆ ಇಡಿಸಿದ ಕಾರವಾರದ ಫೋಟೋದವರಿಗೂ ಧನ್ಯವಾದ. ತಂಪು ಲೆನ್ಸಿಗೆ ಮಳೆಗಾಲದ ಗಾಳಿ ತಾಗಿದರೆ ಮಂಜು ಕಟ್ಟುತ್ತದೆ.

ಕೊನೆಗೆ, ಮೊದಲ ಪ್ರದರ್ಶನದ ನಂತರ ಮೊಮ್ಮಗಳ ಕೈ ಹಿಡಿದು ಬಂದ ಅಜ್ಜಿಗೆ. ಚಿತ್ರದ ಆಶ್ರಮದಲ್ಲಿ ಕಲ್ಯಾಣಿ ಎಂಬ ವಿಧವೆಯೊಬ್ಬಳಿಗೆ ಮಾತ್ರ ಉದ್ದ ಕೂದಲು. ಅದಕ್ಕೆ ನಾವು ‘ಕೂದಲು ತೆಗೆಸದೆ ಉಳಿಸಿಕೊಂಡ ವಿಧವೆ’ ಎಂದು ಹಾಕಿದ್ದೆವು. ‘ಇಷ್ಟುದ್ದ ಎಂತಕ್ಕೆ, ಸಕೇಶಿ ಅಂದ್ರೆ ಆತಲ’ ಎಂದರು ಅಜ್ಜಿ. ಸಂಜೆಯ ಪ್ರದರ್ಶನದಲ್ಲಿ ಓಡಿದ್ದು ಅವರ ಸಾಲೇ.